ಕತ್ತರಿ ಬಿದ್ದ ಜಾಗ

ಬಿಬಿಸಿಯ ‘ಪನೋರಮಾ’ದ ರುಚಿ ಹತ್ತಬೇಕಾದರೆ ಕಿವಿಯಿಂದ ಶುರುಮಾಡಬೇಕು. 1960ರ ದಶಕದಲ್ಲಿ ಈ ಕಾರ್ಯಕ್ರಮ ತೆರೆದುಕೊಳ್ಳುತ್ತಿದ್ದದ್ದು ರಷ್ಯಾದ ಸಂಯೋಜಕ ರಾಹ್ಮನಿನೋವ್‌ನ ಮೊದಲನೆಯ ಸಿಂಫನಿಯ ಕೊನೆಯ ಭಾಗದಿಂದ. 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಸಲ ನುಡಿಸಿದಾಗ ಹೀನಾಯವಾಗಿ ಸೋತ ಕೃತಿ ಅದು. ಸಂಯೋಜಕ ಬದುಕಿದ್ದಷ್ಟು ಕಾಲ ಅದು ಮತ್ತೆ ವೇದಿಕೆ ಹತ್ತಲಿಲ್ಲ. ಅಂಥ ಕೃತಿಯಿಂದ ಯಾರೋ ಒಬ್ಬ ಕಿವಿಯುಳ್ಳ ಮನುಷ್ಯ ಹಿತ್ತಾಳೆ ವಾದ್ಯಗಳ ಆ ಗತ್ತಿನ ಮೊಳಗನ್ನು ಹೆಕ್ಕಿ ತಂದು ಬ್ರಿಟನ್ನಿನ ಮನೆಮನೆಗಳ ಸೋಮವಾರದ ರಾತ್ರಿಗೆ ತೊಡಿಸಿದ. ಆಮೇಲಿನ ಕಾಲದಲ್ಲಿ ಬಂದದ್ದು ಫ್ರೆಂಚ್ ಸಂಯೋಜಕ ಫ್ರಾನ್ಸಿಸ್ ಲೇ 1966ರ ‘ಎ ಮ್ಯಾನ್ ಅಂಡ್ ಎ ವುಮನ್’ ಸಿನಿಮಾಕ್ಕೆ ಕಟ್ಟಿದ ಒಂದು ರಾಗ. ಯುದ್ಧ, ಲಂಚ, ಬಾಂಬು, ಚುನಾವಣೆಗಳ ವರದಿಗೆ ಒಂದು ಪ್ರೇಮಕಥೆಯ ಸಂಗೀತ! ಕಾಗದದ ಮೇಲೆ ಬರೆದರೆ ನಗು ಬರುತ್ತದೆ. ಕೇಳಿದರೆ ಬರುವುದಿಲ್ಲ. ಏರುತ್ತಾ, ಒಂದು ಕಡೆ ತಡೆದು, ಮತ್ತೆ ಏರುವ ಆ ಸ್ವರಗಳಲ್ಲಿ ಒಂದು ಬಗೆಯ ಆತಂಕವಿದೆ, ಏನೋ ಬಯಲಾಗಲಿದೆ ಎಂಬ ಕಾತರವಿದೆ. ಪ್ರೇಮಕ್ಕೂ ತನಿಖೆಗೂ ಆ ಕಾತರ ಸಮಾನವೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

1953ರ ನವೆಂಬರ್ 11ರಂದು ಹುಟ್ಟಿದ ಕಾರ್ಯಕ್ರಮ ಇದು. ಪ್ರಚಲಿತ ವಿದ್ಯಮಾನಗಳನ್ನು ಕುರಿತ ಟಿವಿ ಕಾರ್ಯಕ್ರಮಗಳಲ್ಲಿ ಇಷ್ಟು ದೀರ್ಘ ಆಯುಷ್ಯ ಜಗತ್ತಿನಲ್ಲಿ ಬೇರೊಂದಕ್ಕಿಲ್ಲ. ಆರಂಭದಲ್ಲಿ ಅದು ಹದಿನೈದು ದಿನಕ್ಕೊಮ್ಮೆ ಕಲೆ, ಸಂಸ್ಕೃತಿ ಎಂದು ಹರಟುತ್ತಿದ್ದ ಸಾಧು ಪತ್ರಿಕೆಯಾಗಿತ್ತು. ಅದಕ್ಕೆ ಬೆನ್ನುಮೂಳೆ ಬಂದದ್ದು 1955ರ ಸೆಪ್ಟೆಂಬರಿನಲ್ಲಿ, ಗ್ರೇಸ್ ವಿಂಡಮ್ ಗೋಲ್ಡಿ ಎಂಬ ಗಟ್ಟಿಗಿತ್ತಿಯ ಕೈಯಲ್ಲಿ. ಜಾಹೀರಾತಿನ ಬಲದ ಐಟಿವಿ ಲಂಡನ್ನಿನಲ್ಲಿ ಕಣ್ಣು ತೆರೆದದ್ದೂ ಅದೇ ವಾರ. ಗೋಲ್ಡಿ ಮೇಡಂ ಪನೋರಮಾವನ್ನು ವಾರಕ್ಕೊಮ್ಮೆಯ ‘ಜಗತ್ತಿಗೊಂದು ಕಿಟಕಿ’ಯಾಗಿ ಮರುಕಟ್ಟಿದರು, ಆ ಕಿಟಕಿಯ ಬಳಿ ರಿಚರ್ಡ್ ಡಿಂಬಲ್‌ಬಿಯನ್ನು ಕೂರಿಸಿದರು.

ಡಿಂಬಲ್‌ಬಿಯ ದನಿಯ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ದುಂಡಗಿನ, ತುಂಬಿದ, ಅವಸರವೇ ಗೊತ್ತಿಲ್ಲದ ದನಿ. 1945ರಲ್ಲಿ ಬೆಲ್ಸೆನ್ ಯಾತನಾ ಶಿಬಿರದೊಳಗೆ ಹೋಗಿ, ಕಂಡದ್ದನ್ನು ರೇಡಿಯೊದಲ್ಲಿ ಹೇಳಿದ ದನಿ ಅದೇ. 1953ರಲ್ಲಿ ಎರಡನೇ ಎಲಿಜಬೆತ್‌ಳ ಪಟ್ಟಾಭಿಷೇಕವನ್ನು ವರ್ಣಿಸಿದ ದನಿಯೂ ಅದೇ. ಒಂದೊಂದು ವಾಕ್ಯದ ಕೊನೆಯ ಶಬ್ದವನ್ನು ಅವರು ಕೈಬಿಡುವ ರೀತಿ ನೋಡಬೇಕು. ಬೀಳಿಸುವುದಿಲ್ಲ, ಮೆಲ್ಲನೆ ಇಳಿಸುತ್ತಾರೆ. ಇಳಿಸಿ, ಅರೆಕ್ಷಣ ಕಾಯುತ್ತಾರೆ. ಆ ಅರೆಕ್ಷಣದಲ್ಲಿ ಕೇಳುವವನು ಒಪ್ಪಿಬಿಟ್ಟಿರುತ್ತಾನೆ.

ಆ ಒಪ್ಪಿಗೆಯ ಆಳ ಎಷ್ಟೆಂದು ಜಗತ್ತಿಗೆ ತಿಳಿದದ್ದು 1957ರ ಏಪ್ರಿಲ್ 1ರಂದು. ಸ್ವಿಟ್ಜರ್ಲೆಂಡಿನ ಟಿಚಿನೊ ಸೀಮೆಯಲ್ಲಿ ಆ ವರ್ಷ ಸ್ಪಗೆಟಿ (ಹಿಟ್ಟಿನಿಂದ ಮಾಡುವ ಶಾವಿಗೆಯಂಥ ತಿನಿಸು) ಫಸಲು ಸೊಗಸಾಗಿ ಬಂದಿದೆಯೆಂದು ಪನೋರಮಾ ಮೂರು ನಿಮಿಷಗಳ ವರದಿ ತೋರಿಸಿತು. ಚಳಿ ಹೆಚ್ಚಿರಲಿಲ್ಲ, ಫಸಲಿಗೆ ಬೀಳುವ ಹುಳುವಿನ ಕಾಟ ಮಾಯವಾಗಿದೆ. ಹೆಂಗಸರು ಮರದ ಕೊಂಬೆಗಳಿಂದ ಉದ್ದುದ್ದ ಎಳೆಗಳನ್ನು ನಾಜೂಕಾಗಿ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಾರೆ, ಬಿಸಿಲಿಗೆ ಹರಡುತ್ತಿದ್ದಾರೆ. ಕ್ಯಾಮೆರಾಮನ್ ಚಾರ್ಲ್ಸ್ ಡ ಯೇಗರ್‌ನ ಕಿತಾಪತಿ ಇದು. ಸ್ಪಗೆಟಿ ಮರದಲ್ಲಿ ಬಿಡುತ್ತದೆ ಎಂದರೂ ನಂಬುವ ದಡ್ಡರು ನೀವು ಎಂದು ಅವನ ಶಾಲೆಯ ಮೇಷ್ಟ್ರು ಬೈಯುತ್ತಿದ್ದರಂತೆ. ಆ ಬೈಗುಳವನ್ನು ಅವನು ಇಡೀ ದೇಶದ ಮೇಲೆ ಪ್ರಯೋಗಿಸಿ ನೋಡಿದ. ಡಿಂಬಲ್‌ಬಿ ಒಂದು ಚೂರೂ ನಗದೆ, ಬೆಲ್ಸೆನ್ ಕಂಡ ಅದೇ ದನಿಯಲ್ಲಿ ಅದಕ್ಕೆ ವಿವರಣೆ ಓದಿದರು. ಸ್ಪಗೆಟಿ ಮರ ಬೆಳೆಸುವುದು ಹೇಗೆಂದು ಜನ ಬಿಬಿಸಿಗೆ ಫೋನ್ ಮಾಡಿದರು. ಒಂದು ಎಳೆಯನ್ನು ಟೊಮೆಟೊ ಸಾಸ್ ಡಬ್ಬಿಯಲ್ಲಿ ನೆಟ್ಟು ದೇವರ ಮೇಲೆ ಭಾರ ಹಾಕಿ ಎಂಬರ್ಥದ ಉತ್ತರ ಸಿಕ್ಕಿತೆಂದು ಪ್ರತೀತಿ.

ಈ ಮೂರು ನಿಮಿಷಗಳನ್ನು ನಾನು ಬರೀ ತಮಾಷೆಯೆಂದು ಸವಿಯುವವನಲ್ಲ. ಅದರಲ್ಲಿ ಪನೋರಮಾದ ಇಡೀ ವ್ಯಾಕರಣವಿದೆ. ಮರ ನಿಜ, ಹೆಂಗಸರು ನಿಜ, ಬಿಸಿಲು ನಿಜ, ಸ್ಪಗೆಟಿಯೂ ನಿಜ. ಒಂದನ್ನು ಇನ್ನೊಂದಕ್ಕೆ ಕೂಡಿಸಿದ ಜಾಗ ಮಾತ್ರ ಸುಳ್ಳು. ಅದನ್ನು ಕಾಣಗೊಡದಂತೆ ಮಾಡಿದ್ದು ನಾವು ನಂಬುವ ಒಂದು ದನಿ. ನನ್ನ ಮಟ್ಟಿಗೆ ಈ ಕಾರ್ಯಕ್ರಮದ ಸೊಗಸೂ, ಎಪ್ಪತ್ತು ವರ್ಷಗಳಿಂದ ಅದರ ಬೆನ್ನು ಬಿಡದ ಪಕ್ಷಪಾತದ ಆರೋಪಗಳೂ ಇರುವುದು ಒಂದೇ ಜಾಗದಲ್ಲಿ: ಚಿತ್ರಕ್ಕೆ ಚಿತ್ರ ಕೂಡುವ, ಕತ್ತರಿ ಬಿದ್ದ ಜಾಗದಲ್ಲಿ.

ಮೊದಲು ಸೊಗಸನ್ನು ತೋರಿಸುತ್ತೇನೆ. ಉತ್ತರ ಐರ್ಲೆಂಡಿನ ಓಮಾ ಎಂಬ ಸಣ್ಣ ಪೇಟೆಯಲ್ಲಿ 1998ರ ಆಗಸ್ಟ್ 15ರಂದು ಕಾರಿನೊಳಗಿಟ್ಟ ಬಾಂಬ್ ಸಿಡಿದು 29 ಜನ ಸತ್ತರು. ಎರಡು ವರ್ಷ ಕಳೆದರೂ ಕೊಲೆಗಾರರು ನ್ಯಾಯಾಲಯದ ಕಟಕಟೆ ಹತ್ತಲಿಲ್ಲ. 2000ದ ಅಕ್ಟೋಬರಿನಲ್ಲಿ ಜಾನ್ ವೇರ್ ಎಂಬ ವರದಿಗಾರ ‘ಹೂ ಬಾಂಬ್ಡ್ ಓಮಾ?’ ಎಂಬ ಕಂತನ್ನು ಕಟ್ಟಿದರು. ಅದರ ಜೀವಾಳ ಮೊಬೈಲ್ ಫೋನ್ ಕರೆಗಳ ದಾಖಲೆ. ಆ ದಿನ ಯಾವ ಫೋನು ಎಲ್ಲಿಂದ ಎಲ್ಲಿಗೆ ಸರಿಯಿತು, ಯಾವ ಹೊತ್ತಿಗೆ ಯಾವುದಕ್ಕೆ ಕರೆಹೋಯಿತು ಎಂಬ ಒಣ ಅಂಕಿಗಳು. ಒಣ ಅಂಕಿಗಳಿಂದ ಗಂಟಲು ಕಟ್ಟುವಂತೆ ಮಾಡುವುದು ಸಾಮಾನ್ಯ ಕುಶಲತೆಯಲ್ಲ. ಗಡಿ ದಾಟಿ ಬರುವ ದಾರಿಯ ಒಂದು ಶಾಟ್. ಅದರ ಮೇಲೆ ಒಂದು ಸಮಯ. ಮತ್ತೆ ದಾರಿ. ಮತ್ತೊಂದು ಸಮಯ. ವೇರ್ ಅವರ ದನಿಯಲ್ಲಿ ರೋಷವಿಲ್ಲ, ಕಂಪನವಿಲ್ಲ, ಲೆಕ್ಕ ಒಪ್ಪಿಸುವ ಒಣ ನಿಖರತೆಯಿದೆ. ಪೇಟೆಯಲ್ಲಿ ಶನಿವಾರದ ಸಂತೆಯ ಜನ ಓಡಾಡುತ್ತಿದ್ದರೆಂದು ನಮಗೆ ಗೊತ್ತು. ಗಡಿಯಾರ ಅವರ ಕಡೆಗೆ ಸರಿಯುತ್ತಿದೆ ಎಂದೂ ಗೊತ್ತು. ಆ ಎರಡು ತಿಳಿವಳಿಕೆಗಳ ನಡುವೆ ನಮ್ಮನ್ನು ಕೂರಿಸಿ ಸುಮ್ಮನಾಗುತ್ತದೆ ಚಿತ್ರ. ಶಂಕಿತರ ಹೆಸರುಗಳನ್ನು ಬಿಚ್ಚಿ ಹೇಳುವ ಗಳಿಗೆಯಲ್ಲೂ ಸಂಗೀತ ಏರುವುದಿಲ್ಲ. ಕಿರುಚಾಟದ ಚರ್ಚೆಗಳಿಗೆ ಪಳಗಿದ ಕಿವಿಗೆ ಈ ತಣ್ಣನೆಯ ನಿಗ್ರಹ ಒಂದು ಮದ್ದು.

ಇನ್ನೊಂದು ಬಗೆಯ ಚೆಲುವಿದೆ, ಅದನ್ನು ಚೆಲುವು ಎನ್ನಲು ನಾಲಗೆ ತಡೆಯುತ್ತದೆ. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದರು. ಪನೋರಮಾದ ವರದಿಗಾರನೊಬ್ಬ ಅಲ್ಲಿ ಕೆಲಸಕ್ಕೆ ಸೇರಿ ಗುಟ್ಟಿನ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ. 2011ರ ಮೇ 31ರಂದು ಅದು ಪ್ರಸಾರವಾಯಿತು. ಗುಟ್ಟಿನ ಕ್ಯಾಮೆರಾದ ಚಿತ್ರಕ್ಕೆ ತನ್ನದೇ ಒಂದು ಹೊರಮೈ ಇದೆ: ಒರಟು ಹರಳು, ಓರೆಯಾದ ಚೌಕಟ್ಟು, ಎದೆಯ ಮಟ್ಟದ ನೋಟ. ನಡೆದಾಗ ನಡುಗುತ್ತದೆ, ನಿಂತಾಗ ಉಸಿರಿನೊಡನೆ ಏರಿಳಿಯುತ್ತದೆ. ಆ ಏರಿಳಿತದಲ್ಲಿ ಚಿತ್ರ ತೆಗೆಯುವವನ ಸಂಕಟ ಕಾಣುತ್ತದೆ. ಎಡಿಟರ್ ಇಂಥ ಫುಟೇಜನ್ನು ಚೊಕ್ಕ ಮಾಡಲು ಹೋಗಲಿಲ್ಲ. ಉದ್ದುದ್ದವಾಗಿಯೇ ಬಿಟ್ಟ. ಕಟ್ ಮಾಡಿ ನಮಗೆ ಬಿಡುಗಡೆ ಕೊಡಬಹುದಾಗಿದ್ದ ಕಡೆಯಲ್ಲಿ ಕೊಡಲಿಲ್ಲ. ನೋಡುವವನು ಕಣ್ಣು ತಿರುಗಿಸದಂತೆ ಮಾಡಿದ ಆ ತಾಳ್ಮೆಯ ಫಲವಾಗಿ 11 ಜನ ಅಪರಾಧಿಗಳೆಂದು ಸಾಬೀತಾದರು, 6 ಜನ ಜೈಲಿಗೆ ಹೋದರು, ಆಸ್ಪತ್ರೆ ಬಾಗಿಲು ಮುಚ್ಚಿತು.

ಮತ್ತೆ, ನನ್ನ ಅತ್ಯಂತ ಪ್ರೀತಿಯ ಒಂದು ಸಣ್ಣ ಸಂಗತಿ. ಪ್ರತಿ ತನಿಖೆಯಲ್ಲೂ, ಆರೋಪಗಳೆಲ್ಲ ಮುಗಿಯುವ ಹೊತ್ತಿಗೆ, ಆರೋಪ ಹೊತ್ತವರ ಉತ್ತರ ಬರುತ್ತದೆ. ಅವರಿಗೆ ಸಾಕಷ್ಟು ಮೊದಲೇ ಉತ್ತರಿಸಲು ಅವಕಾಶ ಕೊಡಬೇಕೆಂಬುದು ಬ್ರಿಟನ್ನಿನ ಪ್ರಸಾರ ನಿಯಮ. ಕಂಪನಿ ಆರೋಪವನ್ನು ನಿರಾಕರಿಸಿದೆ, ವಕೀಲರು ಹೀಗೆಂದಿದ್ದಾರೆ ಎಂದು ವರದಿಗಾರ ಓದುತ್ತಾನೆ. ಈ ಸಾಲುಗಳನ್ನು ಎಲ್ಲಿ ಇಡುತ್ತಾರೆ, ಯಾವ ವೇಗದಲ್ಲಿ ಓದುತ್ತಾರೆ, ಹಿಂದೆ ಯಾವ ಚಿತ್ರ ಓಡುತ್ತಿರುತ್ತದೆ ಎಂಬುದನ್ನು ಗಮನಿಸಿ. ಒಳ್ಳೆಯ ಕಂತಿನಲ್ಲಿ ಆ ಉತ್ತರ ಆರೋಪದ ಪಕ್ಕದಲ್ಲೇ, ಅದೇ ತೂಕದ ದನಿಯಲ್ಲಿ ಬರುತ್ತದೆ. ಕೆಳದರ್ಜೆಯದರಲ್ಲಿ ಎಲ್ಲ ಮುಗಿದ ಮೇಲೆ, ಸಂಗೀತ ಶುರುವಾದ ಮೇಲೆ, ಅವಸರದಲ್ಲಿ. ನ್ಯಾಯ ಎಂಬುದು ಇಲ್ಲಿ ಸೆಕೆಂಡುಗಳಲ್ಲಿ ಅಳೆಯುವ ವಸ್ತು.

ಈಗ ಆರೋಪಗಳಿಗೆ ಬರೋಣ. ಅವನ್ನು ಕೂಡ ನಾನು ಸವಿಯುತ್ತೇನೆಂದರೆ ತಪ್ಪು ತಿಳಿಯಬೇಡಿ. ಈ ಕಾರ್ಯಕ್ರಮದ ಹಳೆಯ ಜಗಳಗಳಲ್ಲಿ ಒಳ್ಳೆಯ ವಿಮರ್ಶೆಯ ಸತ್ವವಿದೆ.

ಕತ್ತರಿ ಮೊದಲು ಸರ್ಕಾರದ ಕೈಯಲ್ಲೇ ಇತ್ತು. ಸಂಸತ್ತಿನಲ್ಲಿ ಮುಂದಿನ 14 ದಿನಗಳಲ್ಲಿ ಚರ್ಚೆಗೆ ಬರುವ ವಿಷಯವನ್ನು ರೇಡಿಯೊ, ಟಿವಿಗಳು ಮುಟ್ಟಬಾರದು ಎಂಬ ಕಟ್ಟಳೆ 1955ರಲ್ಲಿ ಅಧಿಕೃತ ಆದೇಶವೇ ಆಯಿತು. ಮರುವರ್ಷ ಸೂಯೆಜ್ ಕಾಲುವೆಯ ಯುದ್ಧ ಬಂದಾಗ, ದೇಶವೆಲ್ಲ ಮಾತಾಡುತ್ತಿರುವುದನ್ನು ಟಿವಿ ಮಾತ್ರ ಆಡಬಾರದೆಂಬ ಈ ನಿಯಮ ನಗೆಪಾಟಲಾಗಿ ಬಿದ್ದುಹೋಯಿತು. ಅಲ್ಲಿಂದಾಚೆ ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು ಎಂಬ ಹೊಣೆ ಸಂಪಾದಕರ ಹೆಗಲೇರಿತು. ಆರೋಪಗಳ ಕಾಲ ಶುರುವಾದದ್ದೂ ಅಲ್ಲಿಂದಲೇ.

1979ರ ಅಕ್ಟೋಬರಿನಲ್ಲಿ ಪನೋರಮಾ ತಂಡ ಉತ್ತರ ಐರ್ಲೆಂಡಿನ ಕ್ಯಾರಿಕ್‌ಮೋರ್ ಎಂಬ ಹಳ್ಳಿಯಲ್ಲಿ ಐಆರ್‌ಎ ಎಂಬ ಸಶಸ್ತ್ರ ಸಂಘಟನೆಯ ಬಂದೂಕುಧಾರಿಗಳು ರಸ್ತೆ ತಡೆದು ನಿಂತದ್ದನ್ನು ಚಿತ್ರೀಕರಿಸಿತು. ಅದು ಪ್ರಸಾರವೇ ಆಗಲಿಲ್ಲ. ಆದರೂ ಪ್ರಧಾನಿ ಥ್ಯಾಚರ್ ಕೆಂಡವಾದರು, ಪೊಲೀಸರು ಭಯೋತ್ಪಾದನೆ ತಡೆ ಕಾಯ್ದೆಯಡಿ ಫಿಲ್ಮ್ ವಶಪಡಿಸಿಕೊಂಡರು, ಸಂಪಾದಕ ರೋಜರ್ ಬೋಲ್ಟನ್ ಕೆಲಸ ಕಳೆದುಕೊಂಡು ಮತ್ತೆ ಗಳಿಸಿಕೊಂಡರು. ಯಾರೂ ನೋಡದ ಚಿತ್ರವೊಂದು ಇಷ್ಟು ಜನರನ್ನು ನಡುಗಿಸಿದ್ದು ಚಿತ್ರದ ಶಕ್ತಿಗೆ ಸಂದ ವಿಚಿತ್ರ ಗೌರವ.

1982ರ ಮೇ 10ರ ಕಂತು ಇನ್ನೂ ಸೂಕ್ಷ್ಮ. ಫಾಕ್‌ಲ್ಯಾಂಡ್ಸ್ ಯುದ್ಧ ನಡೆಯುತ್ತಿದೆ, ಬ್ರಿಟಿಷ್ ನಾವಿಕರು ಸಾಯುತ್ತಿದ್ದಾರೆ. ಮೈಕಲ್ ಕಾಕರೆಲ್ ಅವರ ಚಿತ್ರ ಯುದ್ಧವನ್ನು ಅನುಮಾನಿಸುವ ಸಂಸದರ ಮಾತನ್ನು ಕೇಳಿಸಿತು, ಅವರಲ್ಲಿ ಆಳುವ ಪಕ್ಷದವರೂ ಇದ್ದರು. ಆ ಸಂಸದರು ಹಾಗೆ ಹೇಳಿದ್ದು ನಿಜ. ಆದರೆ ಅಂಥವರು ಸಣ್ಣ ಸಂಖ್ಯೆಯವರು ಎಂಬುದೂ ನಿಜ. ಅವರಿಗೆ ಎಷ್ಟು ಜಾಗ? ಎಲ್ಲಿ? ಕಂತಿನ ನಿರೂಪಕ ರಾಬರ್ಟ್ ಕೀ ಅವರೇ ‘ದ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು ಆ ಚಿತ್ರದಿಂದ ತಮ್ಮನ್ನು ದೂರವಿರಿಸಿಕೊಂಡರು, ಕಾರ್ಯಕ್ರಮವನ್ನೇ ಬಿಟ್ಟರು. ಬಿಬಿಸಿಯ ಮುಖ್ಯಸ್ಥರನ್ನು ಆಳುವ ಪಕ್ಷದ ಸಂಸದರು ಕರೆಸಿಕೊಂಡು ಕೂಗಾಡಿದರು. ಕೂಗಾಟ ನನಗೆ ರುಚಿಸುವುದಿಲ್ಲ. ಕೀ ಅವರ ಪತ್ರ ರುಚಿಸುತ್ತದೆ. ಒಳಗಿನ ಕುಶಲಕರ್ಮಿಯೊಬ್ಬ ಹದ ತಪ್ಪಿದೆ ಎಂದು ಕಂಡು ಹೇಳಿದ ಮಾತು ಅದು, ಅದನ್ನು ನಾವು ಒಪ್ಪಲಿ ಬಿಡಲಿ.

1995ರ ಏಪ್ರಿಲ್ 3ರಂದು ಇನ್ನೂ ಸ್ವಾರಸ್ಯದ್ದು ನಡೆಯಿತು. ಡೇವಿಡ್ ಡಿಂಬಲ್‌ಬಿ, ರಿಚರ್ಡ್ ಅವರ ಮಗ, ಪ್ರಧಾನಿ ಜಾನ್ ಮೇಜರ್ ಅವರನ್ನು ಸಂದರ್ಶಿಸಿದ ಕಂತು ಪ್ರಸಾರಕ್ಕೆ ಸಿದ್ಧವಾಗಿತ್ತು. ಮೂರೇ ದಿನಗಳಲ್ಲಿ ಸ್ಕಾಟ್‌ಲೆಂಡಿನಲ್ಲಿ ಸ್ಥಳೀಯ ಚುನಾವಣೆ. ವಿರೋಧ ಪಕ್ಷಗಳು ನ್ಯಾಯಾಲಯಕ್ಕೆ ಹೋಗಿ ಅಲ್ಲಿ ಮಾತ್ರ ಪ್ರಸಾರಕ್ಕೆ ತಡೆ ತಂದವು. ಪ್ರಶ್ನೆಗಳಲ್ಲಿ ದೋಷವಿಲ್ಲ, ಉತ್ತರಗಳಲ್ಲಿ ದೋಷವಿಲ್ಲ, ಸಂಕಲನದಲ್ಲೂ ಇಲ್ಲ. ದೋಷವಿದ್ದದ್ದು ಕ್ಯಾಲೆಂಡರಿನಲ್ಲಿ. ಒಂದು ಕಂತು ಯಾವುದರ ಪಕ್ಕದಲ್ಲಿ ಬೀಳುತ್ತದೆ ಎಂಬುದೂ ಸಂಕಲನದ ಭಾಗವೇ ಎಂದು ಆ ದಿನ ನ್ಯಾಯಾಧೀಶರು ರಸಿಕರಿಗೆ ಪಾಠ ಹೇಳಿದರು.

2019ರಲ್ಲಿ ಆರೋಪ ಎಡಗಡೆಯಿಂದ ಬಂತು. ಲೇಬರ್ ಪಕ್ಷದೊಳಗಿನ ಯೆಹೂದಿ ದ್ವೇಷವನ್ನು ಕುರಿತ ಕಂತು, ಮತ್ತೆ ಅದೇ ಜಾನ್ ವೇರ್. ಪಕ್ಷ ಅದನ್ನು ಏಕಪಕ್ಷೀಯ ಎಂದಿತು. ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಪರಿಶೀಲಿಸಿ ನಿಯಮ ಮುರಿದಿಲ್ಲ ಎಂದಿತು. 2020ರಲ್ಲಿ ಅದೇ ಪಕ್ಷ ವೇರ್ ಅವರಿಗೂ, ಕಂತಿನಲ್ಲಿ ಮಾತಾಡಿದ ತನ್ನ ಹಳೆಯ ನೌಕರರಿಗೂ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಆದರೆ 2022ರಲ್ಲಿ ಪಕ್ಷವೇ ನೇಮಿಸಿದ್ದ ಫೋರ್ಡ್ ವಿಚಾರಣೆಯ ವರದಿ, ಕೆಲವು ಇಮೇಲ್‌ಗಳನ್ನು ಕಂತಿನಲ್ಲಿ ಬಳಸಿದ ರೀತಿ ದಾರಿತಪ್ಪಿಸುವಂಥದು ಎಂದಿತು. ವೇರ್ ಅದನ್ನು ಒಪ್ಪಲಿಲ್ಲ. ನೋಡಿ, ಇಷ್ಟೆಲ್ಲ ಆದ ಮೇಲೂ ವಾದ ಬಂದು ನಿಂತದ್ದು ಇಮೇಲ್‌ನ ಒಂದು ತುಣುಕನ್ನು ಎಲ್ಲಿಂದ ಎಲ್ಲಿಯವರೆಗೆ ತೋರಿಸಿದರು ಎಂಬಲ್ಲಿ.

ಬಿಬಿಸಿಯ ಮಂದಿ ಇಂಥ ಹೊತ್ತಿನಲ್ಲಿ ಬಲದವರೂ ಬೈಯುತ್ತಾರೆ, ಎಡದವರೂ ಬೈಯುತ್ತಾರೆ, ಆದ್ದರಿಂದ ನಾವು ನಡುವಿನಲ್ಲಿದ್ದೇವೆ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಈ ವಾದ ನನಗೆ ಸಪ್ಪೆ. ಇಬ್ಬರಿಂದ ಬೈಸಿಕೊಂಡವನು ಇಬ್ಬರಿಗೂ ತಪ್ಪು ಮಾಡಿರಬಹುದು. ನಿಯಮ ಕೇಳುವುದೂ ತಕ್ಕಡಿ ಹಿಡಿದು ಇವರಿಗೈದು ಅವರಿಗೈದು ನಿಮಿಷ ಹಂಚುವುದನ್ನಲ್ಲ. ವಿಷಯಕ್ಕೆ ತಕ್ಕ ನಿಷ್ಪಕ್ಷಪಾತವನ್ನು ಅದು ಕೇಳುತ್ತದೆ. ವಿಂಟರ್‌ಬೋರ್ನ್ ವ್ಯೂನಲ್ಲಿ ಹೊಡೆದವನಿಗೂ ಹೊಡೆಸಿಕೊಂಡವನಿಗೂ ಸಮಪಾಲು ಕೊಟ್ಟರೆ ಅದು ನ್ಯಾಯವಲ್ಲ. ಹಾಗಾಗಿ ಯಾರು ಬೈದರು, ಎಷ್ಟು ಬೈದರು ಎಂಬ ಎಣಿಕೆ ಬಿಟ್ಟು, ಆ ನಿರ್ದಿಷ್ಟ ಕಟ್‌ನ ಹತ್ತಿರ ಬಾಗಿ ನೋಡುವುದೇ ಮೇಲು.

ಹಾಗೆ ಬಾಗಿ ನೋಡಿದರೆ ನಮ್ಮ ಬೆಂಗಳೂರೂ ಕಾಣಿಸುತ್ತದೆ. 2008ರ ಜೂನ್‌ನಲ್ಲಿ ಪ್ರಸಾರವಾದ ‘ಪ್ರೈಮಾರ್ಕ್: ಆನ್ ದ ರ‍್ಯಾಕ್’ ಎಂಬ ಕಂತು ಬ್ರಿಟನ್ನಿನ ಅಗ್ಗದ ಬಟ್ಟೆಗಳು ಭಾರತದಲ್ಲಿ ಹೇಗೆ ತಯಾರಾಗುತ್ತವೆಂದು ಹುಡುಕಿಕೊಂಡು ತಿರುಪ್ಪೂರಿನ ಕಡೆ ಬಂದಿತ್ತು. ಕೆಲಸ ಕಾರ್ಖಾನೆಯಿಂದ ಹೊರಗೆ, ಮನೆಗಳಿಗೆ, ಮಕ್ಕಳ ಕೈಗೆ ಹೋಗುತ್ತಿದೆ ಎಂಬುದು ಅದರ ಆರೋಪ. ಅದರಲ್ಲಿ ಒಂದು ನಿಮಿಷಕ್ಕೂ ಕಡಿಮೆಯ ಒಂದು ತುಣುಕು: ಬೆಂಗಳೂರಿನ ಒಂದು ಸಣ್ಣ ಕೆಲಸದ ಮನೆಯಲ್ಲಿ ಮೂವರು ಹುಡುಗರು ಕೂತು ಬಟ್ಟೆಯ ಹೊಲಿಗೆ ಪರೀಕ್ಷಿಸುತ್ತಿದ್ದಾರೆ. ಬಟ್ಟೆ ಮಾರುವ ಪ್ರೈಮಾರ್ಕ್ ಕಂಪನಿ ದೂರು ಕೊಟ್ಟಿತು. ಆಗಿನ ಮೇಲ್ವಿಚಾರಣಾ ಮಂಡಳಿಯಾದ ಬಿಬಿಸಿ ಟ್ರಸ್ಟ್ ಕತ್ತರಿಸದ ಮೂಲ ಫುಟೇಜ್, ಇಮೇಲ್, ಸಾಕ್ಷಿಗಳ ಮಾತು ಎಲ್ಲವನ್ನೂ ಜಾಲಾಡಿ, 2011ರಲ್ಲಿ ತೀರ್ಪು ಹೇಳಿತು: ಈ ತುಣುಕು ಅಸಲಿಯಲ್ಲದಿರುವ ಸಂಭವವೇ ಹೆಚ್ಚು. ಬಿಬಿಸಿ ಕ್ಷಮೆ ಕೇಳಿತು, ಆ ಕಂತಿಗೆ ಬಂದಿದ್ದ ಪ್ರಶಸ್ತಿಯನ್ನು ಹಿಂದಿರುಗಿಸಿತು. ಉಳಿದ ಕಡೆಗಳಿಂದ ತಂದ ಸಾಕ್ಷ್ಯ ಗಟ್ಟಿಯಾಗಿಯೇ ಇತ್ತು, ಟ್ರಸ್ಟ್ ಕೂಡ ಅದನ್ನು ಅಲ್ಲಗಳೆಯಲಿಲ್ಲ. ಹೊಲಿಗೆ ಕೆಲಸ ಬಲ್ಲವರು ಹೇಳುತ್ತಾರಲ್ಲ, ಒಂದು ಟಾಕು ಸುಳ್ಳಾದರೆ ಇಡೀ ಅಂಚು ಬಿಚ್ಚಿಕೊಳ್ಳುತ್ತದೆ ಎಂದು, ಹಾಗಾಯಿತು. ಆ ಹುಡುಗರು ಮಾಡುತ್ತಿದ್ದಾರೆಂದು ತೋರಿಸಿದ ಕೆಲಸವನ್ನೇ, ಹೊಲಿಗೆ ಗಟ್ಟಿಯೇ ಎಂದು ಎಳೆದು ನೋಡುವುದನ್ನೇ, ಮೂರು ವರ್ಷಗಳ ಮೇಲೆ ಟ್ರಸ್ಟ್ ಅವರ ಚಿತ್ರದ ಮೇಲೆ ಮಾಡಿತು.

ಇನ್ನು, ಪನೋರಮಾದ ಅತ್ಯಂತ ಸುಂದರ ಚೌಕಟ್ಟು ಯಾವುದು ಎಂದು ಕೇಳಿದರೆ ನಾನು ತಡಮಾಡದೆ 1995ರ ನವೆಂಬರ್ 20ರ ರಾತ್ರಿಯನ್ನು ಹೇಳುತ್ತೇನೆ. ಕೆನ್ಸಿಂಗ್ಟನ್ ಅರಮನೆಯ ಒಂದು ಕೋಣೆ, ಕುರ್ಚಿಯಲ್ಲಿ ರಾಜಕುಮಾರಿ ಡಯಾನಾ, ಎದುರಿಗೆ ಮಾರ್ಟಿನ್ ಬಶೀರ್. ತುಸು ಬಾಗಿದ ತಲೆ. ಕಾಡಿಗೆ ತೀಡಿದ ಕಣ್ಣುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ, ನಿಲ್ಲುತ್ತವೆ, ಮತ್ತೆ ಇಳಿಯುತ್ತವೆ. ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಮೊದಲು ಒಂದು ಮೌನ. ಎಡಿಟರ್ ಆ ಮೌನವನ್ನು ಮುಟ್ಟಿಲ್ಲ. ಮದುವೆಯಲ್ಲಿ ತಾವು ಮೂವರಿದ್ದೆವು ಎಂದು ಆಕೆ ಹೇಳುವ ಸಾಲಿನ ಸುತ್ತಲಿನ ಮೌನಕ್ಕೇ ಒಂದು ಮೈಯಿದೆ, ಒಂದು ತೂಕವಿದೆ. ಸುಮಾರು 2.3 ಕೋಟಿ ಜನ ಉಸಿರು ಹಿಡಿದು ನೋಡಿದ ಗಂಟೆ ಅದು.

2021ರಲ್ಲಿ ನ್ಯಾಯಮೂರ್ತಿ ಡೈಸನ್ ವರದಿ ಬಂತು. ಡಯಾನಾ ಅವರ ತಮ್ಮನ ವಿಶ್ವಾಸ ಗಳಿಸಿ ಆಕೆಯವರೆಗೆ ತಲುಪಲು ಬಶೀರ್ ನಕಲಿ ಬ್ಯಾಂಕ್ ದಾಖಲೆಗಳನ್ನು ಮಾಡಿಸಿ ತೋರಿಸಿದ್ದರು, 1996ರ ಬಿಬಿಸಿಯ ಒಳತನಿಖೆ ಅದನ್ನು ಸರಿಯಾಗಿ ಹಿಡಿಯಲಿಲ್ಲ. ಆ ಸಂದರ್ಶನವನ್ನು ಇನ್ನು ಮುಂದೆ ಪೂರ್ತಿಯಾಗಿ ಪ್ರಸಾರ ಮಾಡುವುದಿಲ್ಲವೆಂದು 2022ರಲ್ಲಿ ಬಿಬಿಸಿ ಘೋಷಿಸಿತು. ನಾನು ಆ ಚೌಕಟ್ಟಿನ ಚೆಲುವನ್ನು ಈಗಲೂ ಅಲ್ಲಗಳೆಯಲಾರೆ. ಚೌಕಟ್ಟಿನೊಳಗೆ ಕತ್ತರಿ ನಯವಾಗಿಯೇ ನಡೆದಿದೆ. ಮೋಸ ಇದ್ದದ್ದು ಮೊದಲ ಶಾಟ್‌ಗೂ ಮುಂಚೆ, ಯಾವ ಎಡಿಟಿಂಗ್ ಟೇಬಲ್ಲಿಗೂ ಕಾಣದ ಜಾಗದಲ್ಲಿ. ಆದ್ದರಿಂದಲೇ ಈಗ ಪನೋರಮಾ ನೋಡುವಾಗ ಕ್ಯಾಮೆರಾ ಆ ಕೋಣೆಯೊಳಗೆ ಬಂದದ್ದು ಹೇಗೆ ಎಂದೂ ಕೇಳಿಕೊಳ್ಳುತ್ತೇನೆ. ಆ ಪ್ರಶ್ನೆಯಿಂದ ನೋಟದ ಸುಖ ಕುಂದುವುದಿಲ್ಲ, ಅದಕ್ಕೆ ಇನ್ನೊಂದು ಪದರ ಸೇರುತ್ತದೆ.

ತೀರ ಈಚಿನ ಆರೋಪಕ್ಕೆ ಮಾತ್ರ ಪೂರ್ತಿ ಕತ್ತರಿಯೇ ಹೊಣೆ. 2024ರ ಅಕ್ಟೋಬರ್ ಕೊನೆಯಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಒಂದು ವಾರವಿರುವಾಗ, ‘ಟ್ರಂಪ್: ಎ ಸೆಕೆಂಡ್ ಚಾನ್ಸ್?’ ಪ್ರಸಾರವಾಯಿತು. ಹೊರಗಿನ ನಿರ್ಮಾಣ ಸಂಸ್ಥೆಯೊಂದು ಪನೋರಮಾಕ್ಕಾಗಿ ಮಾಡಿದ ಚಿತ್ರ. ಬೆಂಬಲಿಗರು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ದಿನ, 2021ರ ಜನವರಿ 6ರಂದು, ಟ್ರಂಪ್ ಮಾಡಿದ ಭಾಷಣದಿಂದ ಎರಡು ತುಂಡುಗಳನ್ನು ಅದರಲ್ಲಿ ಒಂದೇ ಉಸಿರಿನ ಮಾತೆಂಬಂತೆ ಕೂಡಿಸಿದ್ದರು. ಸಂಸತ್ ಭವನಕ್ಕೆ ನಡೆಯೋಣ ಎಂಬುದು ಒಂದು, ಹೋರಾಡೋಣ ಎಂಬುದು ಇನ್ನೊಂದು. ಭಾಷಣದಲ್ಲಿ ಅವೆರಡರ ನಡುವೆ ಐವತ್ತಕ್ಕೂ ಹೆಚ್ಚು ನಿಮಿಷಗಳಿದ್ದವು. ಶಾಂತಿಯಿಂದ ದನಿಯೆತ್ತಿ ಎಂದು ಅವರು ಹೇಳಿದ್ದ ಮಾತು ಹೊರಗುಳಿಯಿತು. ಒಂದು ವರ್ಷ ಯಾರ ಕಣ್ಣಿಗೂ ಅಷ್ಟಾಗಿ ಬೀಳದಿದ್ದ ಈ ಜೋಡಣೆ, ಬಿಬಿಸಿಯ ಒಳಗಿನ ಟಿಪ್ಪಣಿಯೊಂದು ಪತ್ರಿಕೆಗೆ ಸೋರಿದಾಗ ಸಿಡಿಯಿತು. 2025ರ ನವೆಂಬರ್ 9ರಂದು ಮಹಾನಿರ್ದೇಶಕ ಟಿಮ್ ಡೇವಿ, ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು. ಬಿಬಿಸಿಯ ಅಧ್ಯಕ್ಷ ಸಮೀರ್ ಶಾ ಅದು ವಿವೇಚನೆಯ ತಪ್ಪು ಎಂದು ಕ್ಷಮೆ ಕೇಳಿದರು. ಟ್ರಂಪ್ ಡಿಸೆಂಬರಿನಲ್ಲಿ ಫ್ಲಾರಿಡಾದಲ್ಲಿ ಮೊಕದ್ದಮೆ ಹೂಡಿದರು.

ಕುಶಲಕರ್ಮದ ಕಣ್ಣಿನಿಂದ ನೋಡಿದರೆ ನನಗೆ ಇಲ್ಲಿ ನೋಯುವುದು ಇದು: ಆ ಕಟ್‌ಗೆ ಅಗತ್ಯವೇ ಇರಲಿಲ್ಲ. ಎರಡು ತುಂಡುಗಳ ನಡುವೆ ಬೆಳಕಿನ ಒಂದು ಮಿಂಚು, ಜನಜಂಗುಳಿಯ ಒಂದು ಶಾಟ್, ‘ಮುಂದೆ ಅವರು ಹೇಳಿದರು’ ಎಂಬ ಮೂರು ಶಬ್ದದ ವಾಯ್ಸ್ ಓವರ್, ಇವುಗಳಲ್ಲಿ ಯಾವುದಾದರೊಂದು ಸಾಕಿತ್ತು. ಓಮಾದ ಕಂತಿನಲ್ಲಿ ಪ್ರತಿ ಸಮಯವನ್ನೂ ತೆರೆಯ ಮೇಲೆ ಬರೆದು ತೋರಿಸಿದ ಮನೆತನ ಇದು. ಸಂಕಲನದಲ್ಲಿ ಕಾಲವನ್ನು ಕುಗ್ಗಿಸುವುದು ತಪ್ಪಲ್ಲ, ಕುಗ್ಗಿಸದೆ ಅರ್ಧ ಗಂಟೆಯ ಚಿತ್ರವೇ ಇಲ್ಲ. ಕುಗ್ಗಿಸಿದ್ದೇನೆ ಎಂದು ತೋರಿಸುವುದರಲ್ಲಿ ಪ್ರಾಮಾಣಿಕತೆಯಿದೆ. ಎಲ್ಲ ಕಟ್‌ಗಳನ್ನೂ ನಯವಾಗಿ ಮುಚ್ಚುವ ಹುಚ್ಚು ಈಚೆಗೆ ಟಿವಿಗೆ ಹತ್ತಿದೆ. ಹಳೆಯ ಫಿಲ್ಮ್ ಕಾಲದ ಪನೋರಮಾಗಳಲ್ಲಿ ಕಟ್‌ಗಳು ಟಕ್ಕೆಂದು ಕಾಣುತ್ತಿದ್ದವು. ಆ ಒರಟುತನ ಈಗ ನನ್ನ ಕಣ್ಣಿಗೆ ಒಂದು ಸೊಬಗಾಗಿ ಕಾಣುತ್ತದೆ.

ಇಷ್ಟಾದರೂ ಈ ಕಾರ್ಯಕ್ರಮವನ್ನು ನಾನು ತಲೆಯ ಮೇಲೆ ಹೊರುವುದು ಅದರ ಒಂದು ಅಪೂರ್ವ ಅಭ್ಯಾಸಕ್ಕಾಗಿ. ಅದು ತನ್ನ ಮನೆಯ ಮೇಲೂ ಕ್ಯಾಮೆರಾ ತಿರುಗಿಸುತ್ತದೆ. ಇರಾಕ್ ಯುದ್ಧದ ಕಡತವನ್ನು ಕುರಿತು ಬಿಬಿಸಿಗೂ ಬ್ಲೇರ್ ಸರ್ಕಾರಕ್ಕೂ ನಡೆದ ಜಗಳದ ಬಗ್ಗೆ ಹಟನ್ ವಿಚಾರಣೆಯ ವರದಿ ಬರಲು ಒಂದು ವಾರವಿದ್ದಾಗ, 2004ರ ಜನವರಿ 21ರಂದು, ‘ಎ ಫೈಟ್ ಟು ದ ಡೆತ್’ ಎಂಬ ಕಂತಿನಲ್ಲಿ ಅದು ಸರ್ಕಾರದ ಜೊತೆಗೆ ತನ್ನ ಯಜಮಾನರ ತಪ್ಪುಗಳನ್ನೂ ಎಣಿಸಿತು. 2012ರ ಅಕ್ಟೋಬರ್ 22ರಂದು ತನ್ನದೇ ಜನಪ್ರಿಯ ನಿರೂಪಕನಾಗಿದ್ದ ಜಿಮ್ಮಿ ಸ್ಯಾವಿಲ್‌ನ ಲೈಂಗಿಕ ದೌರ್ಜನ್ಯಗಳ ಬಗ್ಗೆ ಬಿಬಿಸಿಗೆ ಏನು ಗೊತ್ತಿತ್ತು ಎಂದು ಕೇಳಿತು, ಪಕ್ಕದ ‘ನ್ಯೂಸ್‌ನೈಟ್’ ಕಾರ್ಯಕ್ರಮ ಅವನ ಬಗೆಗಿನ ತನ್ನ ತನಿಖೆಯನ್ನು ಕೈಬಿಟ್ಟದ್ದೇಕೆ ಎಂದೂ ಕೇಳಿತು. ಡೈಸನ್ ವರದಿ ಬಂದ ದಿನವೇ ಬಶೀರ್ ಪ್ರಕರಣವನ್ನು ಪನೋರಮಾವೇ ಬಿಡಿಸಿ ತೋರಿಸಿತು, ವರದಿಗಾರ ಮತ್ತದೇ ಜಾನ್ ವೇರ್. ತಮ್ಮದೇ ಕಟ್ಟಡದ ಬಾಗಿಲ ಬಳಿ ನಿಂತು, ತಮ್ಮದೇ ಮೇಲಧಿಕಾರಿಗಳು ಸಂದರ್ಶನಕ್ಕೆ ಒಪ್ಪಲಿಲ್ಲ ಎಂದು ವರದಿಗಾರ ಓದುವಾಗ ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿರುವುದಿಲ್ಲ. ಆ ಸಮದನಿ ಕೇಳಲು ಎಷ್ಟು ಹಿತ!

ಆದ್ದರಿಂದ ನೀವೂ ಒಮ್ಮೆ ನೋಡಿ. ಒಂದು ಕಂತನ್ನು ಮೊದಲು ಕಥೆಗಾಗಿ ನೋಡಿ, ಆಮೇಲೆ ಕಟ್‌ಗಳಿಗಾಗಿ ನೋಡಿ. ಬೈಟ್ ಎಲ್ಲಿ ಶುರುವಾಯಿತು, ಮಾತಾಡುವವನು ಇನ್ನೂ ಬಾಯಿ ತೆರೆದಿರುವಾಗಲೇ ಎಲ್ಲಿ ನಿಂತಿತು, ಆರೋಪಿಯ ಉತ್ತರಕ್ಕೆ ಎಷ್ಟು ಸೆಕೆಂಡು ಸಿಕ್ಕಿತು, ಯಾರ ಮುಖದ ಮೇಲೆ ಕ್ಯಾಮೆರಾ ಒಂದು ಕ್ಷಣ ಹೆಚ್ಚು ನಿಂತಿತು ಎಂದು ಲೆಕ್ಕವಿಡಿ. ಹಾಗೆ ನೋಡಿದವರಿಗೆ ಪಕ್ಷಪಾತ ಇದೆ ಎಂದು ಕೂಗುವುದಾಗಲಿ, ಇಲ್ಲ ಎಂದು ಆಣೆಯಿಡುವುದಾಗಲಿ ಬೇಕಾಗುವುದಿಲ್ಲ. ಎಷ್ಟನೇ ನಿಮಿಷದಲ್ಲಿದೆ ಎಂದು ಬೊಟ್ಟಿಟ್ಟು ತೋರಿಸುತ್ತಾರೆ. ಬರೀ ಬೈಯುವವರಿಗೂ ಬರೀ ಹೊಗಳುವವರಿಗೂ ಸಿಗದ ಸುಖ ಅದು.